ಹಿನ್ನೀರಿನ ಅಡಿಯಲ್ಲಿ ಯಾರ ಗದ್ದೆ?

ಬೇಸಿಗೆಯಲ್ಲಿ ಸಾಗರ ತಾಲ್ಲೂಕಿನ ಅಂಬಾರಗೋಡ್ಲಿನ ದಡದಲ್ಲಿ ನಿಂತರೆ ಶರಾವತಿಯ ನೀರಿನ ನಡುವೆ ಕಪ್ಪು ಮರದ ಬೊಡ್ಡೆಗಳು ತಲೆ ಎತ್ತಿರುತ್ತವೆ. ಬಂದವರೆಲ್ಲ ಅದನ್ನೇ ಹಿಂದಿಟ್ಟುಕೊಂಡು ಸೆಲ್ಫಿ ತೆಗೆಯುತ್ತಾರೆ. ನಾನೂ ಮೊದಲ ಸಲ ತೆಗೆದಿದ್ದೆ. ಬೊಡ್ಡೆಗಳ ಆಚೀಚೆ ಗದ್ದೆ, ಕೊಟ್ಟಿಗೆ, ಮನೆ ಇತ್ತು ಅಂತ ಆಮೇಲೆ ತಿಳಿಯಿತು. ನಾವು ಹಿನ್ನೀರು ಅನ್ನುವುದನ್ನು ಇಲ್ಲಿಯವರು ಮುಳುಗಡೆ ಅನ್ನುತ್ತಾರೆ.

ತೀರ್ಥಹಳ್ಳಿ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ ಅಂಥ ಉದ್ದದ ಹೊಳೆಯೇನಲ್ಲ. ಆದರೆ ಜೋಗದಲ್ಲಿ 830 ಅಡಿ ಕೆಳಕ್ಕೆ ಬೀಳುತ್ತದೆ. ಕರೆಂಟಿನವರ ಕಣ್ಣು ಬಿದ್ದಿದ್ದು ಅಲ್ಲಿಗೆ. ಮೊದಲು ಮಡೆನೂರಿನಲ್ಲಿ ಅಣೆಕಟ್ಟು ಬಂತು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಅಷ್ಟು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಹಳೆಯ ಮಡೆನೂರು ಡ್ಯಾಂ ಕೂಡ ಅದರ ನೀರಿನಲ್ಲೇ ಮುಳುಗಿತು. ನೀರು ತುಂಬಾ ಇಳಿದ ವರ್ಷ ಅದು ಮತ್ತೆ ಕಾಣುತ್ತದೆ.

ಈ ಕಣಿವೆಯ ಹಳೆಯ ಒಕ್ಕಲುಗಳಲ್ಲಿ ದೀವರು ಮುಖ್ಯರು. ಅವರ ಮನೆಯ ಹಸೆ ಚಿತ್ತಾರ ಈಗ ರೆಸಾರ್ಟ್ ಗೋಡೆಗೂ ಏರಿದೆ. ಅದನ್ನು ಬರೆಯುವುದನ್ನು ಹತ್ತಿರದಿಂದ ನೋಡಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನ ಬಿಳಿಗೆ ಅದ್ದಿ, ಕೂದಲೆಳೆಯಂಥ ಗೆರೆ ಎಳೆಯುತ್ತಾರೆ. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ಅಕ್ಕಿ ಹುರಿದು ಕರಿ ಮಾಡಿದರೆ ಕಪ್ಪು ಬಣ್ಣ. ಬಣ್ಣವೂ ಗದ್ದೆಯಿಂದಲೇ ಬರಬೇಕು, ಅಲ್ವಾ?

ಆದರೆ ಆ ಗದ್ದೆ ಕಾಗದದಲ್ಲಿ ಅವರದ್ದಾಗಿರಲಿಲ್ಲ. ಹೆಚ್ಚಿನವರು ಗೇಣಿ ರೈತರು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರಕ್ಕೇ ಜಗಳ ಎದ್ದಿತ್ತು. ಒಡೆಯರ ಕೊಳಗ ದೊಡ್ಡದು, ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ದೀವರ ಒಕ್ಕಲುಗಳು ಪಟ್ಟು ಹಿಡಿದರು. ರೈತ ಮುಖಂಡ ಎಚ್. ಗಣಪತಿಯಪ್ಪ ಮುಂದೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಇಲ್ಲೇ ನನಗೆ ಜಾಸ್ತಿ ಸಂಕಟ ಆಗುವುದು. ಉಳುವವನೇ ಹೊಲದೊಡೆಯ ಎಂಬ ಕಾನೂನು ಗಟ್ಟಿಯಾಗಿದ್ದು 1974ರಲ್ಲಿ. ಲಿಂಗನಮಕ್ಕಿ ತುಂಬಿದ್ದು ಅದಕ್ಕೂ ಹತ್ತು ವರ್ಷ ಮೊದಲು. ಗೇಣಿ ಗದ್ದೆ ತನ್ನದಾಗುವ ಕಾಲ ಬಂದಾಗ ಗದ್ದೆಯೇ ಇರಲಿಲ್ಲ. ಪರಿಹಾರದ ದುಡ್ಡೂ ಪಹಣಿಯಲ್ಲಿ ಹೆಸರಿದ್ದವರ ಕಡೆಗೇ ಹರಿಯುವುದು ತಾನೇ?

ಎದ್ದು ಹೋದವರು ಕಾಡಿನ ಅಂಚಿನಲ್ಲಿ ಹೊಸದಾಗಿ ಸಾಗುವಳಿ ಹೂಡಿದರು. 1972ರಲ್ಲಿ ಕಣಿವೆ ಅಭಯಾರಣ್ಯವಾಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಜಾಗ ಬಿಟ್ಟುಕೊಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಸರ್ಕಾರವೇ ಕಳಿಸಿದ ಜಾಗದಲ್ಲಿ ಕೂತವರೂ ಹೀಗೆ ಹಕ್ಕುಪತ್ರಕ್ಕೆ ಅಲೆಯುವಂತಾಯಿತು. 2019ರಲ್ಲಿ ಸಿಂಗಳೀಕದ ಹೆಸರಿನಲ್ಲಿ ಅಭಯಾರಣ್ಯ ಇನ್ನಷ್ಟು ಹಿಗ್ಗಿತು. ಅದೇ ಸಿಂಗಳೀಕದ ಕಾಡಿನಡಿ ಸುರಂಗ ಕೊರೆದು 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್, ಅಂದರೆ ನೀರನ್ನು ಮೇಲೆತ್ತಿ ಮತ್ತೆ ಕೆಳಕ್ಕೆ ಬಿಟ್ಟು ಕರೆಂಟು ತೆಗೆಯುವ ಯೋಜನೆಯೂ ಬಂದಿದೆ. ರೈತ ಬೇಲಿ ಹಾಕಿದರೆ ಮಾತ್ರ ಕಾಡು ನೆನಪಾಗುತ್ತದೆ.

ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ ಇಷ್ಟು ವರ್ಷ ಲಾಂಚೇ ಗತಿಯಾಗಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಹೆರಿಗೆ ನೋವಿದ್ದರೂ ಸುತ್ತು ಹೊಡೆಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಆ ಕಡೆಯ ಸಿಗಂದೂರು ದೇವಸ್ಥಾನಕ್ಕೆ ಈಗ ಕಾರುಗಳ ಸಾಲು.

ಹೋಗುವವರು ಸೀಗೆ ಹುಣ್ಣಿಮೆಗೆ ಹೋಗಿ. ಇವರಿಗೆ ಅದು ಭೂಮಿ ಹುಣ್ಣಿಮೆ, ತೆನೆ ಹೊತ್ತ ಭೂಮಿಗೆ ಸೀಮಂತ. ರಾತ್ರಿಯಿಡೀ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ತುಂಬಿ, ಬೆಳಕು ಹರಿಯುವ ಮೊದಲೇ ತಲೆ ಮೇಲೆ ಹೊತ್ತು ಗದ್ದೆಗೆ ಹೊರಡುತ್ತಾರೆ. ಬೆರಕೆ ಸೊಪ್ಪಿನ ಚರಗವನ್ನು, ಅಂದರೆ ಭೂಮಿಗೆ ಕೊಡುವ ಎಡೆಯನ್ನು, ಪೈರಿಗೆ ಬೀರುತ್ತಾರೆ. ಮುಳುಗಡೆಯವರೂ ಹೊರಡುತ್ತಾರೆ, ಪಹಣಿಯಲ್ಲಿ ಇನ್ನೂ ಅರಣ್ಯ ಅಂತಲೇ ಬರೆದಿರುವ ಗದ್ದೆಗೆ.