ಮಗುವಿಗೆ ಎಣಿಕೆ ಬೇಡ, ಕೆಲಸ ಕೊಡಿ

ನಾಲ್ಕು ವರ್ಷದ ಮಗುವಿಗೆ "ಹತ್ತು ಸಲ ಕೂತು ಏಳು" ಅಂತ ಹೇಳಿ ನೋಡಿ. ಮೂರನೇ ಸಲಕ್ಕೇ ಬೇಜಾರಾಗಿ ಓಡಿರುತ್ತದೆ. ಅದೇ ಮಗುವಿಗೆ "ನೆಲದ ಮೇಲಿರುವ ಆಟದ ಸಾಮಾನನ್ನೆಲ್ಲ ಬುಟ್ಟಿಗೆ ಹಾಕಬೇಕು, ಆದ್ರೆ ನೀನು ಕಪ್ಪೆ, ಕುಪ್ಪಳಿಸಿಕೊಂಡೇ ಹೋಗ್ಬೇಕು" ಅನ್ನಿ. ಬುಟ್ಟಿ ತುಂಬುವಷ್ಟರಲ್ಲಿ ಹತ್ತಕ್ಕಿಂತ ಜಾಸ್ತಿ ಸಲ ಕೂತು ಎದ್ದಿರುತ್ತದೆ.

ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿ ಅಪ್ಪ ಅಮ್ಮಂದಿರಿಗೆ ನಾನು ಪದೇ ಪದೇ ಹೇಳುವ ಮಾತು ಇದು. ತೂಕ ಇಳಿಸಬೇಕು, ಸಕ್ಕರೆ ಹತೋಟಿಗೆ ಬರಬೇಕು ಅಂತ ದೊಡ್ಡವರು ಬೇಜಾರನ್ನು ಸಹಿಸಿಕೊಂಡು ವ್ಯಾಯಾಮ ಮಾಡುತ್ತೇವೆ. ಚಿಕ್ಕ ಮಗುವಿಗೆ ಮುಂದಿನ ವರ್ಷದ ಲಾಭ ಅನ್ನುವುದೇ ಇಲ್ಲ. ಈಗ, ಈ ಕ್ಷಣ, ಏನೋ ಒಂದು ಆಗಬೇಕು.

ಇನ್ನೊಂದು ವಿಷಯ. ಚಿಕ್ಕ ಮಕ್ಕಳು ಓಡುವುದು ಸ್ವಲ್ಪ ಸ್ವಲ್ಪವೇ. ಕೆಲವು ಸೆಕೆಂಡು ಜೋರಾಗಿ ಓಡಿ, ನಿಂತು, ಏನನ್ನೋ ನೋಡಿ, ಮತ್ತೆ ಓಡುತ್ತಾರೆ. ಇದು ಸೋಮಾರಿತನ ಅಲ್ಲ, ಏಕಾಗ್ರತೆ ಇಲ್ಲ ಅಂತಲೂ ಅಲ್ಲ. ಆ ವಯಸ್ಸಿನ ದೇಹದ ರೀತಿಯೇ ಹಾಗೆ. ಅರ್ಧ ಗಂಟೆ ಬಿಡದೆ ಆಡಿಸಲು ಹೋದರೆ ಮಗುವಿಗೂ ಕಷ್ಟ, ನಿಮಗೂ ಕಷ್ಟ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಪ್ರಕಾರ 3-4 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಚಟುವಟಿಕೆ ಬೇಕು. ಅದರಲ್ಲಿ 60 ನಿಮಿಷವಾದರೂ ಉಸಿರು ಏರುವಂತಿರಬೇಕು. ಮೂರು ಗಂಟೆ ಅಂದ ತಕ್ಷಣ ಎಷ್ಟೋ ಪೋಷಕರು ಗಾಬರಿಯಾಗುತ್ತಾರೆ. ಒಂದೇ ಸಲಕ್ಕಲ್ಲ ಕಣ್ರೀ, ಇಡೀ ದಿನದ ಒಟ್ಟು ಲೆಕ್ಕ. ಮೆಟ್ಟಿಲು ಹತ್ತಿದ್ದು, ಮಡಚಿದ ಬಟ್ಟೆ ಎತ್ತಿಕೊಂಡು ಹೋಗಿ ಇಟ್ಟಿದ್ದು ಎಲ್ಲವೂ ಅದರಲ್ಲಿ ಸೇರುತ್ತದೆ. ಐದು ವರ್ಷ ದಾಟಿದ ಮೇಲೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷ ಚುರುಕಾದ ಚಟುವಟಿಕೆ ಬೇಕು. ಅದೇ 2019ರ ಸಲಹೆಯಲ್ಲಿರುವ ಇನ್ನೊಂದು ಮಾತು ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ: ಐದು ವರ್ಷದೊಳಗಿನ ಮಗುವನ್ನು ತಳ್ಳುಗಾಡಿಯಲ್ಲೋ ಕುರ್ಚಿಯಲ್ಲೋ ಒಂದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಕಟ್ಟಿ ಕೂರಿಸಬಾರದು.

ಏನು ಆಡಿಸಬೇಕು? ನಾನು ಶುರು ಮಾಡುವುದು ಪ್ರಾಣಿಗಳಿಂದ. ಕರಡಿ ಅಂದರೆ ಅಂಗೈ, ಅಂಗಾಲು ಊರಿ, ಸೊಂಟ ಮೇಲೆತ್ತಿ ನಡೆಯುವುದು. ಇದರಲ್ಲಿ ಭುಜ, ಮಣಿಕಟ್ಟು ದೇಹದ ಭಾರ ಹೊರುತ್ತವೆ. ಏಡಿ ಅಂದರೆ ಹೊಟ್ಟೆಯನ್ನು ಮೇಲ್ಮುಖ ಮಾಡಿ ಕೈಕಾಲಲ್ಲಿ ನಡೆಯುವುದು. ಇದು ಕರಡಿಗಿಂತ ಕಷ್ಟ, ಒಂದು ಕೋಣೆಯ ಉದ್ದ ಹೋದರೆ ಸಾಕು. ಕಪ್ಪೆ ಜಿಗಿತದಲ್ಲಿ ತೊಡೆಗೆ ಕೆಲಸ, ಮೂಳೆಗೂ ಒಳ್ಳೆಯದು. ನೆಲವೆಲ್ಲ ನದಿ, ದಿಂಬುಗಳು ಬಂಡೆ ಅಂತ ಕಥೆ ಕಟ್ಟಿ. ಯಾವ ಪ್ರಾಣಿ ನದಿ ದಾಟಬೇಕು ಅನ್ನುವುದನ್ನು ಮಗುವೇ ಹೇಳಲಿ. ತಾನೇ ಮಾಡಿದ ನಿಯಮವನ್ನು ಮಗು ಬಹಳ ಶ್ರದ್ಧೆಯಿಂದ ಪಾಲಿಸುತ್ತದೆ.

ಹಾಡು ನಿಂತಾಗ ಅಲುಗದೆ ನಿಲ್ಲುವ ಆಟ ನೋಡಲು ಸುಲಭ. ಆದರೆ ಓಡುವ ದೇಹವನ್ನು ತಟ್ಟನೆ ನಿಲ್ಲಿಸುವುದು ಓಡುವುದಕ್ಕಿಂತ ಕಷ್ಟದ ಕೆಲಸ, ಸ್ನಾಯುವಿಗೂ ಮನಸ್ಸಿಗೂ. ಚೆಂಡು ಹಿಡಿಯಲು ಬಾರದ ಮಗುವಿಗೆ ಬಲೂನು ಕೊಡಿ. ನಿಧಾನವಾಗಿ ಇಳಿಯುವುದರಿಂದ ಕಣ್ಣಿಗೆ, ಕೈಗೆ ಸಮಯ ಸಿಗುತ್ತದೆ. ಒಡೆದರೆ ಚೂರುಗಳನ್ನು ಆಗಲೇ ಎತ್ತಿ ಎಸೆಯಿರಿ, ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟಬಹುದು. ಬಲೂನು ಆಟದಲ್ಲಿ ದೊಡ್ಡವರು ಪಕ್ಕದಲ್ಲೇ ಇರಲೇಬೇಕು.

"ನಂಗೆ ಬೇಡ" ಅಂತ ಮಗು ಆಟ ಬಿಟ್ಟರೆ ಹಠ ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು "ನಂಗೆ ಬರಲ್ಲ" ಅಂತ ಹೇಳುತ್ತಿರುತ್ತದೆ. ಎರಡೂ ಕಾಲು ಎತ್ತಿ ಜಿಗಿಯಲು ಸುಮಾರು ಎರಡು, ಎರಡೂವರೆ ವರ್ಷ ಆಗಬೇಕು. ಒಂಟಿ ಕಾಲಲ್ಲಿ ಕುಂಟಲು ನಾಲ್ಕರ ಆಸುಪಾಸು. ಮೂರು ವರ್ಷದ ಮಗು ಕುಂಟಾಟದಲ್ಲಿ ಬೀಳುತ್ತಿದ್ದರೆ, ಗೋಡೆ ಹಿಡಿದು ಕೊಕ್ಕರೆ ಥರ ಒಂದು ಕಾಲಲ್ಲಿ ನಿಲ್ಲುವ ಆಟಕ್ಕೆ ಇಳಿಸಿ. ಮುಖ ಅರಳುವುದನ್ನು ನೀವೇ ನೋಡುತ್ತೀರಿ.

ಅಣ್ಣ ತಂಗಿ ಇಬ್ಬರಿದ್ದರೆ ಪಂದ್ಯ ಇಡಬೇಡಿ. ದೊಡ್ಡದು ಯಾವಾಗಲೂ ಗೆಲ್ಲುತ್ತದೆ, ಚಿಕ್ಕದು ಅಳುತ್ತಾ ಹೋಗುತ್ತದೆ. ಇಬ್ಬರೂ ಸೇರಿ ಬಲೂನನ್ನು ನೆಲಕ್ಕೆ ಬೀಳದಂತೆ ಕಾಯಲಿ. ತಪ್ಪು ಮಾಡಿದ್ದಕ್ಕೆ ಬಸ್ಕಿ ಹೊಡೆಸುವುದಂತೂ ದಯವಿಟ್ಟು ಬೇಡ. ವ್ಯಾಯಾಮ ಅಂದರೆ ಶಿಕ್ಷೆ ಅಂತ ಒಮ್ಮೆ ಮನಸ್ಸಲ್ಲಿ ಕೂತರೆ ತೆಗೆಯುವುದು ಕಷ್ಟ. ಆಡಿದರೆ ಫೋನ್ ಕೊಡ್ತೀನಿ ಅನ್ನುವುದೂ ಅಷ್ಟೇ, ಆಟ ಅನ್ನುವುದು ಫೋನಿಗೆ ಕೊಡುವ ಬೆಲೆ ಆಗಿಬಿಡುತ್ತದೆ.

ನುಣುಪು ನೆಲದಲ್ಲಿ ಸಾಕ್ಸ್ ಜಾರುತ್ತದೆ, ಬರಿಗಾಲೇ ಒಳ್ಳೆಯದು. ಕೈ ಹಿಡಿದು ಮಗುವನ್ನು ಗಿರಗಿರ ತಿರುಗಿಸುವುದನ್ನು ಮಾತ್ರ ಬಿಟ್ಟುಬಿಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಹಾಗೆ ಎಳೆದಾಗ ಮೊಣಕೈಯ ಮೂಳೆ ಜಾಗ ತಪ್ಪಬಹುದು. ಎತ್ತುವುದಾದರೆ ಕಂಕುಳ ಕೆಳಗೆ ಹಿಡಿದು ಎತ್ತಿ. ಎಳೆದ ಮೇಲೆ ಮಗು ಕೈಯನ್ನು ಜೋಲು ಬಿಟ್ಟು ಬಳಸದೇ ಇದ್ದರೆ ನೀವೇ ತಿರುಚಿ ಸರಿ ಮಾಡಲು ಹೋಗಬೇಡಿ, ವೈದ್ಯರ ಹತ್ತಿರ ಹೋಗಿ.

ಹಾಗೆಯೇ ಬೆಳಗ್ಗೆ ಎದ್ದಾಗ ಕುಂಟುವುದು, ಕೀಲು ಊದಿಕೊಳ್ಳುವುದು, ಮೊದಲು ಬರುತ್ತಿದ್ದ ಜಿಗಿತವೋ ಮೆಟ್ಟಿಲು ಹತ್ತುವುದೋ ಈಗ ಬಾರದಿರುವುದು, ಓಡುವಾಗ ಜೊತೆಯ ಮಕ್ಕಳಿಗಿಂತ ಜಾಸ್ತಿ ಏದುಸಿರು ಅಥವಾ ಕೆಮ್ಮು ಬರುವುದು ಕಂಡರೆ "ಸುಮ್ನೆ ನಾಟಕ" ಅಂತ ಬಿಡಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಓಡುವಾಗ ತಲೆಸುತ್ತಿ ಬಿದ್ದರಂತೂ ಅವತ್ತೇ ಕರೆದುಕೊಂಡು ಹೋಗಿ.