ಮೊಡವೆ ಕ್ರೀಮ್: ಜಾಸ್ತಿ ಹಚ್ಚಿದರೆ ಬೇಗ ವಾಸಿಯಾಗುವುದಿಲ್ಲ

ಮೊಡವೆಗೆ ಕ್ರೀಮ್ ಬರೆಸಿಕೊಂಡು ಹೋದವರು ಎರಡೇ ವಾರಕ್ಕೆ ವಾಪಸ್ ಬಂದರೆ ನಾನು ಮೊದಲು ನೋಡುವುದು ಮೂಗಿನ ಪಕ್ಕ ಮತ್ತು ಬಾಯಿಯ ಅಂಚು. ಅಲ್ಲಿ ಚರ್ಮ ಕೆಂಪಾಗಿ, ಬಿಗಿದುಕೊಂಡು, ಹೊಟ್ಟು ಎದ್ದಿರುತ್ತದೆ. ಆಮೇಲೆ ಟ್ಯೂಬ್ ತೋರಿಸಿ ಅನ್ನುತ್ತೇನೆ. ಮುಖಕ್ಕೆ ಮಾತ್ರ ಹಚ್ಚಿದರೆ 15 ಗ್ರಾಂನ ಟ್ಯೂಬ್ ಒಂದು ತಿಂಗಳಾದರೂ ಬರಬೇಕು. ಇವರದ್ದು ಆಗಲೇ ತಳದಿಂದ ಸುರುಳಿ ಸುತ್ತಿ ಹಿಂಡಿರುತ್ತಾರೆ. "ಈ ಔಷಧ ನನಗೆ ಆಗಿಬರಲಿಲ್ಲ ಡಾಕ್ಟ್ರೇ" ಅನ್ನುತ್ತಾರೆ. ಎಷ್ಟೋ ಸಲ ತಪ್ಪು ಔಷಧದ್ದಲ್ಲ, ಅಳತೆಯದ್ದು.

ಅಡಾಪಲೀನ್, ಟ್ರೆಟಿನಾಯಿನ್‌ನಂಥ ರೆಟಿನಾಯ್ಡ್ (ವಿಟಮಿನ್ ಎ ಗುಂಪಿನ ಔಷಧ) ಕ್ರೀಮ್ ಆದರೆ ರಾತ್ರಿ ಒಂದು ಬಟಾಣಿ ಕಾಳಿನಷ್ಟು ಸಾಕು. ಇಡೀ ಮುಖಕ್ಕೆ ಸೇರಿ ಅಷ್ಟೇ. ಹಣೆ, ಎರಡು ಕೆನ್ನೆ, ಗದ್ದದ ಮೇಲೆ ಒಂದೊಂದು ಚುಕ್ಕಿ ಇಟ್ಟು ತೆಳ್ಳಗೆ ಹರಡಿ. ಹಚ್ಚಿದ ಮೇಲೆ ಬಿಳಿ ಪದರ ಕಾಣುತ್ತಿದ್ದರೆ ಜಾಸ್ತಿಯಾಗಿದೆ ಎಂದರ್ಥ. ಕಣ್ಣಿನ ಸುತ್ತ, ಮೂಗಿನ ಮಡಿಕೆ, ತುಟಿಯ ಅಂಚು ಬಿಟ್ಟುಬಿಡಿ. ಔಷಧ ಅಲ್ಲಿ ಸೇರಿಕೊಂಡು ಮೊದಲು ಸುಡುವುದೇ ಆ ಜಾಗಗಳನ್ನು.

ಎದ್ದಿರುವ ಮೊಡವೆಯ ಮೇಲೆ ಮಾತ್ರ ಯಾಕೆ ಹಚ್ಚಬಾರದು ಎಂದು ಕೇಳುತ್ತಾರೆ. ಇವತ್ತು ಕಾಣುವ ಮೊಡವೆ ಇವತ್ತಿನದಲ್ಲ. ಕೂದಲ ಬುಡದ ಸಣ್ಣ ರಂಧ್ರದಲ್ಲಿ ಎಣ್ಣೆ ಮತ್ತು ಸತ್ತ ಚರ್ಮ ಸೇರಿ ಮುಚ್ಚಿಕೊಳ್ಳಲು ಶುರುವಾಗಿ ವಾರಗಳೇ ಆಗಿರುತ್ತವೆ. ರೆಟಿನಾಯ್ಡ್ ಮುಖ್ಯವಾಗಿ ತಡೆಯುವುದು ಈ ಮುಚ್ಚಿಕೊಳ್ಳುವುದನ್ನು. ಅಂದರೆ ಇನ್ನೂ ಕಣ್ಣಿಗೆ ಬೀಳದ ಮೊಡವೆಗೂ ಅದು ಔಷಧ. ಹಾಗಾಗಿ ಮೊಡವೆ ಬರುವ ಜಾಗಕ್ಕೆಲ್ಲ ಹಚ್ಚಬೇಕು, ಫಲ ಕಾಣಲು 8ರಿಂದ 12 ವಾರ ಕಾಯಬೇಕು. ಮೊದಲ ಕೆಲವು ವಾರ ಮೊಡವೆ ಸ್ವಲ್ಪ ಜಾಸ್ತಿಯಾದಂತೆ ಕಾಣುವುದೂ ಉಂಟು. ತುಂಬಾ ಜನ ಕೈಬಿಡುವುದು ಇಲ್ಲೇ. ನನಗೆ ಬೇಜಾರಾಗುವುದೂ ಇಲ್ಲೇ, ಯಾಕೆಂದರೆ ಇನ್ನೊಂದು ತಿಂಗಳು ತಡೆದುಕೊಂಡಿದ್ದರೆ ಎಷ್ಟೋ ಮುಖ ತಿಳಿಯಾಗುತ್ತಿತ್ತು.

ಮೊದಲ ದಿನದಿಂದಲೇ ಪ್ರತಿ ರಾತ್ರಿ ಹಚ್ಚುವ ಅಗತ್ಯವಿಲ್ಲ. ಎರಡು ಮೂರು ದಿನಕ್ಕೊಮ್ಮೆ ಶುರು ಮಾಡಿ, ಚರ್ಮ ಒಗ್ಗಿದಂತೆ ಹೆಚ್ಚಿಸಿ. ಮುಖ ತೊಳೆದು ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಡಿ. ಒದ್ದೆ ಚರ್ಮಕ್ಕೆ ಉರಿ ಜಾಸ್ತಿ. ಸೂಕ್ಷ್ಮ ಚರ್ಮದವರು ಮೊದಲು ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಔಷಧ ಹಚ್ಚಬಹುದು. ಉರಿ ತಡೆಯಲಾಗದಿದ್ದರೆ ಎರಡು ಮೂರು ದಿನ ನಿಲ್ಲಿಸಿ ಬರೀ ಮಾಯಿಶ್ಚರೈಸರ್ ಹಚ್ಚಿ, ಆಮೇಲೆ ನಿಧಾನವಾಗಿ ಮತ್ತೆ ಶುರು ಮಾಡಿ. ಸ್ಕ್ರಬ್ ಹಾಕಿ ಉಜ್ಜುವುದು ಬೇಡವೇ ಬೇಡ. ರೆಟಿನಾಯ್ಡ್ ಹಚ್ಚುತ್ತಿರುವ ಮುಖಕ್ಕೆ ವ್ಯಾಕ್ಸ್ ಮಾಡಿಸಿದರೆ ಮೇಲಿನ ಚರ್ಮವೇ ಕಿತ್ತು ಬರಬಹುದು. ಹಗಲು ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಇರಲಿ.

ಮೊಡವೆಗೆ ಹಚ್ಚುವ ಇನ್ನೊಂದು ಔಷಧ ಬೆಂಜಾಯ್ಲ್ ಪೆರಾಕ್ಸೈಡ್ 2.5, 5, 10 ಶೇಕಡಾ ಎಂದು ಬರುತ್ತದೆ. ದೊಡ್ಡ ಸಂಖ್ಯೆಯೇ ಒಳ್ಳೆಯದು ಎಂದು ಅನಿಸುವುದು ಸಹಜ, ಅಲ್ವಾ? ಆದರೆ ಕೆಂಪು ಮೊಡವೆಗೆ 2.5 ಕೂಡ ಹೆಚ್ಚುಕಡಿಮೆ 10ರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಇನ್ನೊಂದು ಮಾತು: ಇದು ಬಟ್ಟೆಯ ಬಣ್ಣ ತೆಗೆಯುತ್ತದೆ. ಬಣ್ಣದ ದಿಂಬಿನ ಕವರ್, ಟವೆಲ್ ಮೇಲೆ ಬಿಳಿ ಕಲೆ ಬಿದ್ದರೆ ಮತ್ತೆ ಹೋಗುವುದಿಲ್ಲ. ಬಿಳಿಯದನ್ನೇ ಬಳಸಿ.

ಬೆಂಜಾಯ್ಲ್ ಪೆರಾಕ್ಸೈಡ್ ಅಥವಾ ಸ್ಯಾಲಿಸಿಲಿಕ್ ಆಸಿಡ್ ಇರುವ ಕ್ರೀಮ್‌ಗಳಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿತ್ತು. ಹೊಸದಾದರೆ ಮೂರು ದಿನ ಸಣ್ಣ ಜಾಗಕ್ಕೆ ಮಾತ್ರ ಹಚ್ಚಿ ನೋಡಿ. ಉರಿ, ಹೊಟ್ಟು ಬೇರೆ. ಕಣ್ಣು, ತುಟಿ, ನಾಲಿಗೆ ಊದಿಕೊಂಡರೆ, ಗಂಟಲು ಬಿಗಿದರೆ, ಉಸಿರು ಕಟ್ಟಿದರೆ ಕ್ರೀಮ್ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.

ಆ್ಯಂಟಿಬಯಾಟಿಕ್ ಆದ ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಬೇಡಿ. ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತವೆ. ಜೊತೆಗೆ ಬೆಂಜಾಯ್ಲ್ ಪೆರಾಕ್ಸೈಡ್ ಇದ್ದರೆ ಆ ಸಾಧ್ಯತೆ ಕಡಿಮೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರುವುದು, ಗೆಳತಿ ಕೊಟ್ಟಳು, ಎರಡೇ ದಿನದಲ್ಲಿ ಮುಖ ಹೊಳೆಯಿತು ಅನ್ನುವ ಟ್ಯೂಬ್‌ಗಳ ಬಗ್ಗೆ. ಲೇಬಲ್ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೊದಮೊದಲು ಕೆಂಪು ಇಳಿಯುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತವೆ, ಒಂದೇ ಥರದ ಸಣ್ಣ ಮೊಡವೆ ಮುಖ ತುಂಬಾ ಏಳುತ್ತವೆ. ನಿಲ್ಲಿಸಿದರೆ ಮುಖ ಕೆಂಪಾಗಿ ಉರಿಯುತ್ತದೆ, ಅದಕ್ಕೆ ಹೆದರಿ ಮತ್ತೆ ಹಚ್ಚುತ್ತಾರೆ. ಈಗಾಗಲೇ ಹಚ್ಚುತ್ತಿದ್ದರೆ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಟ್ಯೂಬ್ ಸಮೇತ ಚರ್ಮ ವೈದ್ಯರ ಹತ್ತಿರ ಹೋಗಿ.

ಗರ್ಭಿಣಿಯರು ಮತ್ತು ಮಗು ಬೇಕೆಂದು ಪ್ರಯತ್ನಿಸುತ್ತಿರುವವರು ರೆಟಿನಾಯ್ಡ್ ಹಚ್ಚಬಾರದು. ಅವರಿಗೆ ಅಜೆಲಾಯಿಕ್ ಆಸಿಡ್‌ನಂಥ ಬೇರೆ ಔಷಧಗಳಿವೆ, ವೈದ್ಯರನ್ನು ಕೇಳಿ. ಒತ್ತಿದರೆ ನೋಯುವ ಆಳದ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ ಯಾರೇ ಆಗಲಿ 12 ವಾರ ಕಾಯುವುದು ಬೇಡ. ಅಂಥ ಮೊಡವೆಗೆ ಬರೀ ಕ್ರೀಮ್ ಸಾಲುವುದಿಲ್ಲ, ಮಾತ್ರೆ ಬೇಕಾಗಬಹುದು.