ಅಂಚೆಚೀಟಿಯ ಚೆಂದದ ಹಿಂದಿನ ಅನುಮಾನ

ಕೂದಲೆಳೆಯಷ್ಟು ಸಪೂರ ಗೆರೆಗಳಲ್ಲಿ ಮೂಡಿದ ಮುಖ, ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ಜಲಚಿಹ್ನೆ, ಮೂಲೆಯ ಪುಟ್ಟ ಅಕ್ಷರಗಳು, ಮೇಲೆ ಬಿದ್ದ ಠಸ್ಸೆ. ಹಳೆಯ ಅಂಚೆಚೀಟಿಯಲ್ಲಿ ಸಂಗ್ರಾಹಕರು ಭೂತಗನ್ನಡಿ ಹಿಡಿದು ಮೆಚ್ಚುವುದು ಇಂಥವನ್ನೇ. ಆದರೆ ಇವು ಅಲಂಕಾರಕ್ಕೆಂದು ಹುಟ್ಟಿದವಲ್ಲ. ಜನ ಕಳ್ಳಚೀಟಿ ಅಚ್ಚು ಹಾಕಿಯಾರು, ಬಳಸಿದ್ದನ್ನು ತೊಳೆದು ಮತ್ತೆ ಅಂಟಿಸಿಯಾರು ಎಂಬ ಅಂಚೆಯವರ ಅನುಮಾನದ ಕೂಸುಗಳು.

1840ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಅಂಚೆಯಲ್ಲಿ ಬಂದ ಕಾಗದಕ್ಕೆ ಹಣವನ್ನು ಸಾಮಾನ್ಯವಾಗಿ ಪಡೆದವರೇ ಕೊಡಬೇಕಿತ್ತು. ದರ ಹಾಕುತ್ತಿದ್ದುದು ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ. ಲಕೋಟೆ ಹಾಕಿದರೆ ಅದೂ ಒಂದು ಹಾಳೆ! ಹಾಗಾಗಿ ಬರೆದ ಹಾಳೆಯನ್ನೇ ಮಡಚಿ, ಒಂದು ತುದಿಯನ್ನು ಇನ್ನೊಂದರೊಳಗೆ ತೂರಿಸಿ, ಅರಗಿನ ಮುದ್ರೆ ಒತ್ತಿ, ಹೊರಮೈಯಲ್ಲಿ ವಿಳಾಸ ಬರೆಯುತ್ತಿದ್ದರು. ಪುಟ ತುಂಬಿದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದುದರ ಮೇಲೆಯೇ ಮತ್ತೆ ಬರೆಯುವುದೂ ಇತ್ತು. ಜಾಲರಿಯಂತೆ ಕಾಣುವ ಇಂಥ ಕಾಗದ ಓದಲು ಒಂದು ದಿಕ್ಕಿನ ಸಾಲುಗಳ ಮೇಲಷ್ಟೇ ಕಣ್ಣು ನೆಡಬೇಕು. ಸ್ವಲ್ಪ ಹೊತ್ತಿಗೆ ಇನ್ನೊಂದು ದಿಕ್ಕಿನವು ಹಿಂದೆ ಸರಿಯುತ್ತವೆ.

ಅಂಚೆ ಸುಧಾರಕ ರೋಲಂಡ್ ಹಿಲ್ 1837ರಲ್ಲಿ ಪ್ರಕಟಿಸಿದ ಕಿರುಹೊತ್ತಗೆ ಈ ಲೆಕ್ಕವನ್ನೇ ತಿರುವಿಹಾಕಿತು. ಕಾಗದ ಸಾಗಿಸುವ ಖರ್ಚು ಅತ್ಯಲ್ಪ, ದರ ಲೆಕ್ಕ ಹಾಕಿ ಮನೆಬಾಗಿಲಲ್ಲಿ ವಸೂಲಿ ಮಾಡುವುದೇ ದುಬಾರಿ ಎಂಬುದು ಅವರ ವಾದ. 1840ರ ಜನವರಿ 10ರಿಂದ ಅರ್ಧ ಔನ್ಸಿಗೆ, ಅಂದರೆ ಸುಮಾರು 14 ಗ್ರಾಮಿಗೆ, ದೇಶದೊಳಗೆ ಎಲ್ಲಿಗಾದರೂ ಒಂದೇ ಪೆನ್ನಿ ಎಂದಾಯಿತು. ಹಾಳೆಯ ಬದಲು ತೂಕದ ಲೆಕ್ಕ ಬಂದದ್ದರಿಂದಲೇ ಲಕೋಟೆಗೆ ಕಾಲ ಕೂಡಿಬಂತು. 1839ರಲ್ಲಿ ಸುಮಾರು 7.6 ಕೋಟಿಯಿದ್ದ ಕಾಗದಗಳು ಮರುವರ್ಷ 16.9 ಕೋಟಿಗೆ ಏರಿದವು.

ಮುಂಗಡ ಹಣ ಕಟ್ಟಿದ್ದಕ್ಕೆ ಗುರುತಾಗಿ ಬಂದದ್ದು ಪೆನ್ನಿ ಬ್ಲ್ಯಾಕ್ ಎಂಬ ಕಪ್ಪು ಅಂಚೆಚೀಟಿ. 1840ರ ಮೇ 1ರಂದು ಮಾರಾಟ, 6ರಿಂದ ಬಳಕೆ. ಅಚ್ಚಿನ ಹಾಳೆಯೊಂದರಲ್ಲಿ 12ರಂತೆ 20 ಸಾಲು, ಒಟ್ಟು 240 ಚೀಟಿ. ಆಗ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಸಾಲಿಗೊಂದು ಶಿಲ್ಲಿಂಗ್, ಹಾಳೆಗೊಂದು ಪೌಂಡ್ ಎಂದು ಗುಮಾಸ್ತರ ಲೆಕ್ಕ ಸಲೀಸು. ಕೆಳಗಿನ ಎರಡು ಮೂಲೆಗಳಲ್ಲಿ ಎಎಯಿಂದ ಟಿಎಲ್‌ವರೆಗೆ ಅಕ್ಷರಗಳು: ಎಡಗಡೆಯದು ಸಾಲು, ಬಲಗಡೆಯದು ಸಾಲಿನೊಳಗಿನ ಸ್ಥಾನ. ಕಳ್ಳ ಒಂದೇ ಚೀಟಿಯನ್ನು ನಕಲು ಮಾಡಿದರೆ ಎಲ್ಲದರಲ್ಲೂ ಅದೇ ಜೋಡಿ ಬಂದು ಗುಟ್ಟು ರಟ್ಟಾಗುತ್ತದೆ. ವಿಕ್ಟೋರಿಯಾ ರಾಣಿಯ ಮುಖ ಹಾಕಿದ್ದೂ ಬರೀ ಗೌರವಕ್ಕಲ್ಲ. ಹೂಬಳ್ಳಿಯಲ್ಲಿ ಒಂದು ಗೆರೆ ತಪ್ಪಿದರೆ ಯಾರಿಗೂ ತಿಳಿಯದು, ಮುಖ ಕೊಂಚ ಕೆಟ್ಟರೂ ಕಣ್ಣಿಗೆ ಹೊಡೆಯುತ್ತದೆ.

ಎಡವಟ್ಟಾದದ್ದು ಠಸ್ಸೆಯಲ್ಲಿ. ಕಪ್ಪು ಚೀಟಿಯ ಮೇಲೆ ಒತ್ತಿದ ಕೆಂಪು ಶಾಯಿಯನ್ನು ತೆಗೆದುಹಾಕಲು ಆಗುತ್ತಿತ್ತು. 1841ರ ಫೆಬ್ರುವರಿಯಲ್ಲಿ ಬಣ್ಣಗಳನ್ನೇ ಅದಲುಬದಲು ಮಾಡಿ ಚೀಟಿ ಕೆಂಪು, ಠಸ್ಸೆ ಕಪ್ಪು ಮಾಡಿದರು. ಅಷ್ಟರಲ್ಲಿ 6.8 ಕೋಟಿಗೂ ಹೆಚ್ಚು ಪೆನ್ನಿ ಬ್ಲ್ಯಾಕ್ ಅಚ್ಚಾಗಿದ್ದವು. ಜಗತ್ತಿನ ಮೊದಲ ಚೀಟಿ ಎಂದಮಾತ್ರಕ್ಕೆ ಅದು ವಿರಳವಲ್ಲ. ಕತ್ತರಿಯಲ್ಲಿ ಕತ್ತರಿಸುತ್ತಿದ್ದ ಕಾಲವಾದ್ದರಿಂದ ನಾಲ್ಕೂ ಕಡೆ ಬಿಳಿಯಂಚು ಉಳಿದದ್ದು ಕಡಿಮೆ, ಬೆಲೆ ಅದಕ್ಕೆ.

ಸಿಂಧ್ ಪ್ರಾಂತ್ಯದಲ್ಲಿ 1852ರಲ್ಲಿ ಬಂದ ಏಷ್ಯಾದ ಮೊದಲ ಅಂಚೆಚೀಟಿಯ ಕಥೆ ಇನ್ನೂ ನಾಜೂಕು. ಮೊದಲಿನದು ಕೆಂಪು ಅರಗಿನ ಬಿಲ್ಲೆ. ಕಾಗದ ಬಾಗಿದರೆ ಅರಗು ಬಾಗುತ್ತದೆಯೇ? ಬಿರುಕು ಬಿಟ್ಟು ಉದುರಿತು. ಬಿಳಿ, ನೀಲಿ ಉಬ್ಬಚ್ಚಿನವು ಅದರ ಜಾಗಕ್ಕೆ ಬಂದವು.

ಅನುಮಾನಕ್ಕೂ ಹಲ್ಲಂಚಿಗೂ ಮಾತ್ರ ನಂಟಿಲ್ಲ, ಅದು ಶುದ್ಧ ಅನುಕೂಲ. ಹೆನ್ರಿ ಆರ್ಚರ್ ರೂಪಿಸಿದ ಯಂತ್ರದ ಹಕ್ಕನ್ನು ಬ್ರಿಟನ್ ಸರ್ಕಾರ ಕೊಂಡು, 1854ರಲ್ಲಿ ತೂತಿನ ಸಾಲಿರುವ ಚೀಟಿಗಳನ್ನು ತಂದಿತು. 2 ಸೆಂಟಿಮೀಟರಿಗೆ ಎಷ್ಟು ತೂತು ಎಂಬುದೇ ಇಂದಿಗೂ ಅಳತೆ. ಚಿತ್ರ ಒಂದೇ ಇದ್ದರೂ 14ರ ಚೀಟಿ ಬೇರೆ, 16ರದ್ದು ಬೇರೆ.

1880ರ ದಶಕದಲ್ಲಿ ಬ್ರಿಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನೀರು ತಾಗಿದರೆ ಬಿಡುವ ತಿಳಿನೇರಳೆ ಮತ್ತು ಹಸಿರು ಶಾಯಿಯಲ್ಲೇ ಚೀಟಿ ಅಚ್ಚು ಹಾಕಿತು. ಠಸ್ಸೆ ತೊಳೆಯಹೊರಟರೆ ಚಿತ್ರವೂ ಹೋಗಲಿ ಎಂದು. ಆ ಬಲೆಗೆ ಇಂದು ಬೀಳುತ್ತಿರುವವರು ಪಾಪ, ಸಂಗ್ರಾಹಕರು.

ಅಂಥವನ್ನು ಬಿಟ್ಟು ಸಾಮಾನ್ಯ ಗೋಂದಿನ ಚೀಟಿಯನ್ನು ಬಿಡಿಸಬೇಕಾದರೆ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಲಕೋಟೆಯನ್ನು ಕತ್ತರಿಸಿ, ಚಿತ್ರ ಮೇಲಾಗಿ ತಣ್ಣೀರಿನಲ್ಲಿ ತೇಲಿಬಿಡಿ. 15ರಿಂದ 30 ನಿಮಿಷಕ್ಕೆ ತಾನೇ ಜಾರುತ್ತದೆ. ಅವಸರಪಟ್ಟು ಎಳೆದರೆ ಹಿಂಬದಿಯ ಕಾಗದದ ಪದರ ಕಿತ್ತು ಚೀಟಿ ತೆಳುವಾಗುತ್ತದೆ, ಅದಕ್ಕೆ ಮದ್ದಿಲ್ಲ. ಬಣ್ಣದ ಲಕೋಟೆಯದನ್ನು ಬೇರೆ ಪಾತ್ರೆಯಲ್ಲಿ ನೆನೆಸಬೇಕು, ಇಲ್ಲವಾದರೆ ಬಣ್ಣ ಎಲ್ಲಕ್ಕೂ ಹತ್ತುತ್ತದೆ. ಬ್ಲಾಟಿಂಗ್ ಪೇಪರ್ ಮೇಲೆ ಮುಖ ಕೆಳಗಾಗಿ ಒಣಗಿಸಿ, ಮುಕ್ಕಾಲು ಒಣಗಿದಾಗ ದಪ್ಪ ಪುಸ್ತಕದಡಿ ಒಂದು ರಾತ್ರಿ ಇಡಿ. ಹಿಡಿಯಲು ಚಪ್ಪಟೆ ತುದಿಯ ಚಿಮಟವಿರಲಿ. ಪಿವಿಸಿ ಹಾಳೆಯ ಆಲ್ಬಮ್ ಬೇಡ. ಅದನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ವರ್ಷಗಳಲ್ಲಿ ಒಸರಿ ಶಾಯಿ ಕೆಡಿಸುತ್ತದೆ. ಈಚಿನ ಸ್ಟಿಕರ್ ಚೀಟಿಗಳಲ್ಲಿ ಹಲವು ನೀರಿಗೆ ಜಗ್ಗುವುದಿಲ್ಲ, ಅವನ್ನು ಕಾಗದದ ಸಮೇತ ಇಡುವುದೇ ಲೇಸು.

ಹಳೆಯ ಕೈಬರಹದ ಕಾಗದಕ್ಕಂತೂ ನೀರು ಸೋಕಿಸಲೇಬಾರದು. ಮಾಚಿಕಾಯಿ ಮತ್ತು ಅನ್ನಭೇದಿಯಿಂದ ಮಾಡಿದ ಶಾಯಿ ಹೊಸತರಲ್ಲಿ ಕಪ್ಪು, ವರ್ಷ ಕಳೆದಂತೆ ಕಂದು. ಅದರಲ್ಲಿರುವ ಆಮ್ಲ ಅಕ್ಷರದ ಜಾಡಿನಲ್ಲೇ ಕಾಗದವನ್ನು ತಿನ್ನುತ್ತದೆ, ತೇವ ತಾಗಿದರೆ ಸುತ್ತಲೂ ಹರಡುತ್ತದೆ. ಸೆಲ್ಲೋಟೇಪು, ಲ್ಯಾಮಿನೇಶನ್ ಎರಡೂ ವೈರಿಗಳೇ. ಮಡಿಕೆ ಬಿಡಿಸಿ, ಆಮ್ಲರಹಿತ ಕಾಗದದ ನಡುವೆ ಇಟ್ಟರೆ ಸಾಕು.

ಅಂಥ ಕಾಗದದಿಂದ ಚೀಟಿಯನ್ನು ಕತ್ತರಿಸಬೇಡಿ. ಊರು, ದಿನ, ದಾರಿ, ದರ ಎಲ್ಲವೂ ಹೊರಮೈಯಲ್ಲೇ ಇವೆ. 1840ಕ್ಕಿಂತ ಹಿಂದಿನ ಬ್ರಿಟನ್ನಿನ ಕಾಗದವಾದರೆ ವಿಳಾಸದ ಮೇಲೆ ಗೀಚಿದಂತಿರುವ ಅಂಕೆಯನ್ನು ನೋಡಿ. ಸಾಮಾನ್ಯವಾಗಿ ಕಪ್ಪು ಶಾಯಿಯದಾದರೆ ಪಡೆದವರು ತೆತ್ತ ಹಣ, ಕೆಂಪಾದರೆ ಕಳಿಸಿದವರು ಮೊದಲೇ ಕಟ್ಟಿದ್ದು.